ಲಂಗೋಟಿಗೆ ಬೇಕಾದ ಬಿಸಿಲು

ಡ್ರೈವರಜ್ಜನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಯುಸ್ಸಿನ ಮುಕ್ಕಾಲು ಪಾಲು ಬಸ್ಸು ಓಡಿಸಿದವನು. ಅಡ್ಡ ನುಗ್ಗುವ ಲಾರಿಯವರಿಗೆ, ಬಾಗಿಲಲ್ಲಿ ನೇತಾಡುವ ಹುಡುಗರಿಗೆ, ಕೆಟ್ಟುನಿಂತ ಸಿಗ್ನಲ್ ದೀಪಕ್ಕೆ ಬೈದು ಬೈದು ಗಂಟಲೇ ಒರಟಾಗಿತ್ತು. ನಿವೃತ್ತಿಯಾದ ಮೇಲೆ ಬೈಯಲು ಯಾರೂ ಸಿಗದೆ ಸ್ವಲ್ಪ ಕಾಲ ಮಂಕಾಗಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳ ಹೆರಿಗೆ ರಜೆ ಮುಗಿಯುತ್ತಾ ಬಂತು, ಅಳಿಯನಿಗೆ ಕೆಲಸ ದೂರದ ಊರಿನಲ್ಲಿ. ಮಗುವನ್ನು ಯಾರು ನೋಡಿಕೊಳ್ಳುವುದೆಂದು ಗಂಡ ಹೆಂಡಿರು ಫೋನಿನಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದಾಗ ಅಜ್ಜ ಪೇಪರಿನಿಂದ ತಲೆ ಎತ್ತಿ, "ನಾನೇನು ಸತ್ತಿದ್ದೀನಾ?" ಎಂದ. ಮಾತು ಅಲ್ಲಿಗೇ ಮುಗಿಯಿತು.

ಮಗಳು ಬೆಳಿಗ್ಗೆ ಫ್ಯಾಕ್ಟರಿಯ ವ್ಯಾನು ಹತ್ತಿದರೆ ಸಂಜೆಯವರೆಗೆ ಪುಟ್ಟಿ ಅಜ್ಜನ ಪಾಲು. ಹಾಲು ಕುಡಿಸುವುದು, ತೇಗು ಬರಿಸುವುದು, ತೂಗಿ ಮಲಗಿಸುವುದು ಬೇಗ ಕೈಗೆ ಹತ್ತಿದವು. ಲಂಗೋಟಿ ಮಾತ್ರ ಹತ್ತಲಿಲ್ಲ. ಹಳೆಯ ಹತ್ತಿ ಬೆಡ್‌ಶೀಟುಗಳನ್ನು ಚೌಕವಾಗಿ ಹರಿದು, ಅಂಚು ಹೊಲಿಸಿ, ಮಗಳು ಒಂದು ಗುಡ್ಡೆಯನ್ನೇ ಮಾಡಿಟ್ಟಿದ್ದಳು. ಅಜ್ಜ ಕಟ್ಟಿದ್ದು ಮೊದಮೊದಲು ಮೊಣಕಾಲಿಗೆ ಜಾರುತ್ತಿತ್ತು. ಬಿಗಿ ಮಾಡಿದರೆ ಪುಟ್ಟಿ ಕೆಂಪಗಾಗಿ ಕಿರುಚುತ್ತಿದ್ದಳು. "ಸೀಟ್ ಬೆಲ್ಟ್ ಕಟ್ಟಿದ ಹಾಗೆ ಕಟ್ಬೇಡಪ್ಪ. ಎರಡು ಬೆರಳು ಒಳಗೆ ಹೋಗ್ಬೇಕು," ಎಂದು ಮಗಳು ಹೇಳಿಕೊಟ್ಟಳು. ಅಜ್ಜ ಕಲಿತ.

ಒಗೆದ ಬಟ್ಟೆಯನ್ನು ಅವನು ತಾರಸಿಯ ಮೇಲೆ ಹರವುತ್ತಿದ್ದ. ಮೇಲೆ ಬಿಸಿಲಿಗೆ ಬರವಿರಲಿಲ್ಲ. ಹೊತ್ತು ನೆತ್ತಿಗೇರುವಷ್ಟರಲ್ಲಿ ಲಂಗೋಟಿಗಳು ಹಪ್ಪಳದಂತೆ ಗರಿಗರಿಯಾಗುತ್ತಿದ್ದವು. ಆದರೆ ಒಂದು ದಿನ ಬಕೆಟ್ ಹಿಡಿದು ಹತ್ತಿದರೆ ತಾರಸಿಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

ಮನೆಯ ಓನರಮ್ಮ ಮೆಟ್ಟಿಲ ಕೆಳಗೆ ನಿಂತು, ತಾನು ಮೇಲೆ ಹೂವಿನ ಕುಂಡ, ಬೆತ್ತದ ಕುರ್ಚಿ ಇಡಿಸಿರುವುದಾಗಿ ಹೇಳಿದಳು. "ಬಂದವರನ್ನ ಮೇಲೆ ಕರ್ಕೊಂಡು ಹೋದ್ರೆ ಎದುರಿಗೇ ಉಚ್ಚೆ ಬಟ್ಟೆ. ಅಸಹ್ಯ ಆಗುತ್ತೆ ಕಣ್ರೀ. ಈಗ ಎಲ್ಲರೂ ಪ್ಯಾಕೆಟ್ ಡೈಪರ್ ಹಾಕ್ತಾರೆ, ನೀವೂ ಹಾಕಿ."

ಅಜ್ಜನಿಗೆ ನಖಶಿಖಾಂತ ಉರಿಯಿತು. ಸಂಜೆ ಮಗಳ ಮುಂದೆ ಕೂಗಾಡಿದ. ಅವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು, "ಅಪ್ಪ, ದಮ್ಮಯ್ಯ, ಜಗಳ ಆಡ್ಬೇಡ. ಎಳೇ ಮಗು ಇದೆ ಅಂದ್ರೆ ಯಾರೂ ಮನೆ ಕೊಡಲ್ಲ," ಎಂದಳು. ಅವಳ ಮುಖ ನೋಡಿ ಅಜ್ಜ ಹಲ್ಲು ಕಚ್ಚಿಕೊಂಡು ಸುಮ್ಮನಾದ.

ಅಂದಿನಿಂದ ಮನೆಯೊಳಗೇ ಒಣಗಿಸುವ ಪಾಡು. ಕಿಟಕಿ ಸರಳು, ಕುರ್ಚಿಯ ಬೆನ್ನು, ಬಾಗಿಲ ಚಿಲಕ, ಎಲ್ಲಿ ನೋಡಿದರೂ ಲಂಗೋಟಿ. ಫ್ಯಾನು ತಿರುಗಿ ತಿರುಗಿ ದಣಿದರೂ ಮಡಿಕೆಯಲ್ಲಿ ಪಸೆ ಹಾಗೇ ಉಳಿಯುತ್ತಿತ್ತು, ಮುಗ್ಗಲು ವಾಸನೆ ಬೇರೆ. ಪುಟ್ಟಿ ಒಂದರ ಮೇಲೊಂದು ಒದ್ದೆ ಮಾಡಿದಾಗ ಅರೆ ಒಣಗಿದ್ದನ್ನೇ ಕಟ್ಟದೆ ಗತಿಯಿರಲಿಲ್ಲ. ಹಾಸಿಗೆ ನೆನೆಯದಿರಲೆಂದು ಮೇಲೊಂದು ಪ್ಲಾಸ್ಟಿಕ್ ಚಡ್ಡಿಯನ್ನೂ ಹಾಕತೊಡಗಿದ. ಪಕ್ಕದ ಮನೆಯ ಟೈಲರಕ್ಕ ಪೌಡರ್ ಹಾಕಲು ಹೇಳಿದಳು. ಅಜ್ಜ ಹಿಟ್ಟು ಚೆಲ್ಲಿದ ಹಾಗೆ ಹಾಕಿದ. ಅದು ತೊಡೆಯ ಸಂದಿಯಲ್ಲಿ ಉಂಡೆ ಕಟ್ಟಿತು.

ಆ ವಾರದ ಕೊನೆಗೆ ಪುಟ್ಟಿಯ ಕುಂಡೆ ಸುಟ್ಟಂತೆ ಕೆಂಪಾಗಿತ್ತು. ನೀರು ಸೋಕಿದರೆ ಸಾಕು, ಉಸಿರು ಕಟ್ಟುವಂತೆ ಅಳುತ್ತಿದ್ದಳು. ಇಡೀ ಬಸ್ಸಿನ ಗಲಾಟೆಗೂ ಜಗ್ಗದ ಅಜ್ಜ ಅವಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಗಳನ್ನು ಆಸ್ಪತ್ರೆಗೆ ಹೊರಡಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವನ್ನು ನೋಡಿದವಳೇ ಮಗಳತ್ತ ತಿರುಗಿದಳು. "ಇಷ್ಟಾಗೋ ತನಕ ಏನು ಮಾಡ್ತಿದ್ರಿ? ತಾಯಿ ಆದವಳಿಗೆ ಇಷ್ಟೂ ಗಮನ ಬೇಡ್ವಾ?"

ಮಗಳು ತಲೆ ತಗ್ಗಿಸಿದಳು. ಅಜ್ಜ ಎದ್ದು ನಿಂತ.

"ಕೇಳೋದಾದ್ರೆ ನನ್ನ ಕೇಳಿ ತಾಯಿ. ಹಗಲೆಲ್ಲಾ ಲಂಗೋಟಿ ಕಟ್ಟೋನು ನಾನು, ಒಗೆಯೋನು ನಾನು. ಅವಳು ನಾಲ್ಕು ಕಾಸು ತರೋಕೆ ಹೋಗಿರ್ತಾಳೆ. ಮಗೂಗೆ ಏನಾದ್ರೂ ಆದ್ರೆ ಅವಳ ಮೇಲೇ ಯಾಕೆ ಹರಿಹಾಯ್ತೀರಿ?"

ಡಾಕ್ಟರಮ್ಮ ಕುರ್ಚಿಯನ್ನು ಅಜ್ಜನ ಕಡೆ ತಿರುಗಿಸಿದಳು. "ಸರಿ. ಹಾಗಾದ್ರೆ ನೀವೇ ಕೇಳಿಸ್ಕೊಳ್ಳಿ," ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಪೌಡರ್ ಬೇಡ, ಪ್ಲಾಸ್ಟಿಕ್ ಚಡ್ಡಿ ಬೇಡವೇ ಬೇಡ. ಒದ್ದೆಯಾದ ಕೂಡಲೇ ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಬೇಕು. ಸ್ವಲ್ಪ ಹೊತ್ತು ಬರಿಮೈಯಲ್ಲಿ ಗಾಳಿಗೆ ಬಿಡಬೇಕು. ಆಮೇಲೆ ಮುಲಾಮು. ಬಟ್ಟೆಯಲ್ಲಿ ಸೋಪು ಉಳಿಯಬಾರದು. "ಮುಖ್ಯವಾಗಿ, ಪೂರ್ತಿ ಒಣಗದೇ ಇರೋದನ್ನ ಕಟ್ಟಬೇಡಿ. ಬಿಸಿಲಲ್ಲಿ ಒಣಗಿಸಿ."

ಬಿಸಿಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದುಮಿಟ್ಟಿದ್ದ ಸಿಟ್ಟೆಲ್ಲ ಅಜ್ಜನ ತಲೆಗೇರಿತು. ಮನೆಗೆ ಬಂದವನು ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಸೀದಾ ಓನರಮ್ಮನ ಬಾಗಿಲು ತಟ್ಟಿದ. ಮಗಳು ಬೇಡವೆಂದು ತೋಳು ಹಿಡಿದು ಎಳೆದರೂ ಕೇಳಲಿಲ್ಲ.

"ತಾರಸಿ ಕೀ ಕೊಡಿ," ಎಂದ. ಅವಳು ಬಾಯಿ ತೆರೆಯುವ ಮೊದಲೇ ಮಗುವಿನ ಬಟ್ಟೆ ಸರಿಸಿ ತೋರಿಸಿದ. "ಅಸಹ್ಯ ಅಂದ್ರಲ್ಲ, ನೋಡಿ. ನಿಮ್ಮ ಬೀಗದಿಂದ ಆಗಿದ್ದು ಇದು."

ಓನರಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. "ನನಗ್ಯಾಕೆ ತೋರಿಸ್ತೀರಿ? ಮಗು ನೋಡ್ಕೊಳ್ಳೋಕೆ ಬರದಿದ್ರೆ ನಾನೇನು ಮಾಡ್ಲಿ? ಕೀ ವಿಷಯ ನಮ್ಮ ಮನೆಯವರು ಬಂದ ಮೇಲೆ," ಎಂದು ಬಾಗಿಲು ಹಾಕಿಕೊಂಡಳು.

ಅಜ್ಜ ಅವಳ ಗಂಡ ಬರುವತನಕ ಕಾಯಲಿಲ್ಲ. ಪುಟ್ಟಿಯನ್ನು ಮಗಳ ಕೈಗಿತ್ತು, ಕಿಟಕಿಯ ಸರಳಿನಿಂದ ಮುಂದಿನ ಗೇಟಿನ ಕಂಬಕ್ಕೆ ನೈಲಾನ್ ಹಗ್ಗ ಎಳೆದು ಕಟ್ಟಿದ. ಒಳಗಿದ್ದ ಲಂಗೋಟಿಗಳನ್ನೆಲ್ಲ ಮತ್ತೊಮ್ಮೆ ಜಾಲಾಡಿಸಿ ತಂದು, ಬೀದಿಗೆ ಕಾಣುವಂತೆ ಸಾಲಾಗಿ ನೇತುಹಾಕಿದ. ಗೇಟು ದಾಟಬೇಕಾದರೆ ಯಾರೇ ಆಗಲಿ ತಲೆ ಬಗ್ಗಿಸಲೇಬೇಕು. ಟೈಲರಕ್ಕ ಮಷೀನು ನಿಲ್ಲಿಸಿ ಹೊರಗೆ ಬಂದು ನೋಡಿದಳು. ಒಳಗೆ ಹೋಗಿ, ತನ್ನ ಒದ್ದೆ ಟವೆಲ್ಲೊಂದನ್ನು ತಂದು ಹಗ್ಗದ ತುದಿಗೆ ಹಾಕಿದಳು.

ಊಟಕ್ಕೆಂದು ಸ್ಕೂಟರಿನಲ್ಲಿ ಬಂದ ಓನರನ ಹಣೆಗೆ ಒದ್ದೆ ಲಂಗೋಟಿ ಪಟ್ಟನೆ ಬಡಿಯಿತು. ಅವನು ಅದನ್ನು ಎರಡು ಬೆರಳಲ್ಲಿ ಸರಿಸಿ, "ಯಜಮಾನ್ರೇ, ಏನಿದು?" ಎಂದ.

"ಲಂಗೋಟಿ."

"ಅದು ಕಾಣ್ತಾ ಇದೆ. ಇಲ್ಲಿ ಯಾಕೆ?"

"ಮೇಲಿನ ಬಿಸಿಲಿಗೆ ನಿಮ್ಮ ಮನೆಯವರು ಬೀಗ ಹಾಕಿದ್ದಾರೆ. ಉಳಿದಿರೋದು ಇಲ್ಲಿನ ಬಿಸಿಲೇ."

ಓನರಮ್ಮ ಕಿಟಕಿಯಿಂದಲೇ ಮನೆ ಖಾಲಿ ಮಾಡಿಸಿ ಎಂದು ಕೂಗಿದಳು. ಓನರು ಒಮ್ಮೆ ಅವಳನ್ನು, ಒಮ್ಮೆ ಬೀದಿಯಲ್ಲಿ ನಿಂತು ನೋಡುತ್ತಿದ್ದ ಅಕ್ಕಪಕ್ಕದವರನ್ನು, ಕೊನೆಗೆ ಹೊಸ್ತಿಲಲ್ಲಿ ಕೂತಿದ್ದ ಮಗಳ ತೊಡೆಯ ಮೇಲೆ ಬರಿಮೈಯಲ್ಲಿ ಬೋರಲಾಗಿ ನರಳುತ್ತಿದ್ದ ಪುಟ್ಟಿಯನ್ನು ನೋಡಿದ. ಒಳಗೆ ಹೋಗಿ ಕೀ ತಂದ. "ನೀರಿನ ಟ್ಯಾಂಕಿನ ಹಿಂದೆ ಹಾಕ್ಕೊಳ್ಳಿ. ಕುರ್ಚಿ ಕಡೆ ಬೇಡ."

"ಟ್ಯಾಂಕಿನ ಹಿಂದೆ ನೆರಳು ಸ್ವಾಮಿ. ಅಲ್ಲಿ ಹಾಕೋ ಹಾಗಿದ್ರೆ ಮನೆ ಒಳಗೇ ಹಾಕ್ತಿದ್ದೆ."

ಸ್ವಲ್ಪ ಹೊತ್ತು ಜಗ್ಗಾಟ ನಡೆಯಿತು. ಅಜ್ಜ ಒಂದು ಗೇಣೂ ಬಿಟ್ಟುಕೊಡಲಿಲ್ಲ. ಕಡೆಗೆ ಓನರೇ ಬೆತ್ತದ ಕುರ್ಚಿಗಳನ್ನು ಟ್ಯಾಂಕಿನ ಹಿಂದೆ ಎಳೆದಿಟ್ಟ. ಕೂರುವವರಿಗೆ ನೆರಳೇ ವಾಸಿ ಎಂದು ಹೆಂಡತಿಗೆ ಸಮಾಧಾನ ಹೇಳಿದನಂತೆ.

ಪುಟ್ಟಿಯ ಚರ್ಮ ಮೆಲ್ಲಗೆ ತಿಳಿಯಾಯಿತು. ಅಜ್ಜ ಈಗ ಪ್ರತಿ ಲಂಗೋಟಿಯನ್ನೂ ಕೆನ್ನೆಗೆ ಒತ್ತಿ, ಪಸೆಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕಟ್ಟುತ್ತಿದ್ದ. ತೊಳೆದ ಮೇಲೆ ಚಾಪೆಯಲ್ಲಿ ಬರಿಮೈಯಲ್ಲೇ ಬಿಟ್ಟರೆ ಅವಳು ಕಾಲೆತ್ತಿ ಗಾಳಿಗೆ ಒದೆಯುತ್ತಿದ್ದಳು. ಅಜ್ಜ ಪಕ್ಕದಲ್ಲಿ ಕೂತು ಒಂದು ಬಟ್ಟೆ ಹಿಡಿದು ಕಾಯುತ್ತಿದ್ದ, ಆದರೂ ಎಷ್ಟೋ ಸಲ ಅಂಗಿ ನೆನೆಸಿಕೊಳ್ಳುತ್ತಿದ್ದ.

ಓನರಮ್ಮ ಮೆಟ್ಟಿಲಲ್ಲಿ ಎದುರಾದರೆ ಮುಖ ಸಿಂಡರಿಸಿ ಹೋಗುತ್ತಾಳೆ. ಅಜ್ಜನೂ ಮಾತಾಡಿಸುವುದಿಲ್ಲ. "ಆಗಿದ್ದು ಆಯ್ತು, ಬಿಡಪ್ಪ. ಮಗು ಹುಷಾರಾಗಿದೆಯಲ್ಲ," ಎಂದು ಮಗಳು ಹೇಳಿದಾಗ ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿ, "ಹುಷಾರಾಗಿದೆ. ಆದ್ರೆ ಅತ್ತಿದ್ದು ಪುಟ್ಟಿ ತಾನೇ?" ಎಂದ. ಮಗಳು ಪಕ್ಕದಲ್ಲಿ ಕೂತು ಉಳಿದ ಬಟ್ಟೆ ಮಡಚತೊಡಗಿದಳು.