ಕೌದಿಯ ಮೇಲೆ ನಡುಗಿದ ಇರುವೆ

ಮೊದಲು ಬಂದದ್ದು ಕತ್ತಲು. ಅಥವಾ ಕತ್ತಲಲ್ಲ, ಬಾಯಿಯಲ್ಲಿ ನೀರು. ಈಗ ಬರೆಯಲು ಕೂತರೆ ಎರಡೂ ತಾವೇ ಮೊದಲು ಅನ್ನುತ್ತವೆ. ಕತ್ತಲಿನಿಂದ ಶುರು ಮಾಡಿದರೆ ಓದುವವರಿಗೆ ಹಿಡಿಸುತ್ತದೆ. ಅದಕ್ಕೇ ಆ ನೆನಪಿನ ಮೇಲೆ ನನಗೆ ಅನುಮಾನ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಜೆ, ಪಾಳಿ ಬದಲಾಗುವ ಹೊತ್ತು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ನಾನು ಲೇತ್ ಆಪರೇಟರ್. ಮೈಕ್ರೋಮೀಟರ್ ಓದಲು ಕಣ್ಣಿನ ಹತ್ತಿರ ತಂದೆ. ಗೆರೆಗಳು ಕಾಣಲಿಲ್ಲ. ತಲೆಯೆತ್ತಿದೆ. ಟ್ಯೂಬ್‌ಲೈಟುಗಳೆಲ್ಲ ಹೊಗೆಯ ಹಿಂದೆ ಸರಿದು ನಿಂತಂತಿದ್ದವು.

"ವೋಲ್ಟೇಜ್ ಬಿದ್ದೈತಿ ನೋಡೋ" ಅಂದೆ.

ಪಕ್ಕದ ಮಷಿನ್ನಿನ ನಾಗೇಶ ನಕ್ಕ. "ಲೈಟೆಲ್ಲ ಸಕ್ಕತ್ತಾಗೇ ಉರೀತಿದೆ ಗುರು. ನಿಂಗೇ ವಯಸ್ಸಾಯ್ತು, ಕನ್ನಡಕ ಹಾಕಿಸ್ಕೋ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಏನ್ ಮಗಾ ಇದು, ಹಿಂಗ್ ಬೆವರ್ತಿದೀಯ? ಜೊಲ್ಲು ಸುರೀತಿದೆ ನೋಡು."

ಮೀನಖಂಡದ ಮಾಂಸ ಪ್ಯಾಂಟಿನೊಳಗೆ ತಾನಾಗಿ ಕುಣಿಯುತ್ತಿತ್ತು. ಚರ್ಮದ ಕೆಳಗೆ ಯಾರೋ ಬೆರಳಾಡಿಸಿದ ಹಾಗೆ. ನಾನು ಅದಕ್ಕೆ ಕುಣಿ ಎಂದು ಹೇಳಿರಲಿಲ್ಲ.

ಉಸಿರು ಒಳಗೆ ಹೋಗಲಿಲ್ಲ.

ನಾಗೇಶ ನನ್ನನ್ನು ಆಟೋದಲ್ಲಿ ಹಾಕಿಕೊಂಡು ತುಮಕೂರು ರಸ್ತೆಯ ಆಸ್ಪತ್ರೆಗೆ ಬಂದನಂತೆ. ದಾರಿಯದು ಯಾವುದೂ ನೆನಪಿಲ್ಲ. ನೆನಪಿರುವುದು ಎಮರ್ಜೆನ್ಸಿಯಲ್ಲಿ ಕಣ್ಣಿಗೆ ಬಿಟ್ಟ ಟಾರ್ಚ್. ಅದು ಕೂಡ ಬೆಳಕಾಗಿ ಬರಲಿಲ್ಲ, ದೂರದ ಒಂದು ಚುಕ್ಕೆಯಾಗಿ ಬಂತು. "ಪಿನ್‌ಪಾಯಿಂಟ್" ಎಂದಿತು ಒಂದು ಹೆಣ್ಣು ದನಿ. ನನ್ನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಮುದುಡಿಕೊಂಡಿತ್ತು. ಜಗತ್ತು ಕತ್ತಲಾಗಿರಲಿಲ್ಲ, ನನ್ನ ಕಣ್ಣಿನ ಬಾಗಿಲು ಮುಚ್ಚಿಕೊಂಡಿತ್ತು.

ಅದೇ ದನಿ ಕೇಳಿತು: "ಏನ್ ಕುಡಿದ್ರಿ?"

ಈ ಪ್ರಶ್ನೆಯನ್ನು ಅಲ್ಲಿಂದ ಮುಂದೆ ಎಲ್ಲರೂ ಕೇಳಿದರು. ಕೇಸ್‌ಶೀಟಿನಲ್ಲಿ ಓಪಿ ಪಾಯ್ಸನಿಂಗ್ ಎಂದು ಬರೆದರು, ಬೆಳೆಗೆ ಹೊಡೆಯುವ ಕೀಟನಾಶಕ ದೇಹಕ್ಕೆ ಇಳಿದಿದೆ ಎಂದರ್ಥ. ಗಂಡಸಿನ ದೇಹದಲ್ಲಿ ಅದು ಸಿಕ್ಕರೆ ಅವನೇ ಕುಡಿದಿರಬೇಕು ಎಂಬುದು ಆಸ್ಪತ್ರೆಯ ಅನುಭವ. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಹೊಟ್ಟೆಯಲ್ಲಿ ಮಧ್ಯಾಹ್ನದ ರೊಟ್ಟಿ ಮಾತ್ರ ಇತ್ತು. ಪೊಲೀಸರು ಬಂದು ನನ್ನ ಹೆಂಡತಿ ರೇಣುಕಾಳನ್ನು ಪಕ್ಕಕ್ಕೆ ಕರೆದರು. "ಮನೇಲಿ ಏನಾದ್ರೂ ಗಲಾಟೆನಾ ಅಕ್ಕ?"

"ಗಲಾಟಿ ತಿಗಣಿ ಜೋಡಿ ಐತ್ರಿ" ಅಂದಳಂತೆ ಅವಳು. "ಮನ್ಯಾಗ ತಿಗಣಿಗಿ ಎಣ್ಣಿ ಹೊಡದಾರ."

ಅದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮದು ಬಾಗಲಕೋಟೆ ಕಡೆ. ಕೀಟನಾಶಕಕ್ಕೆ ಅಲ್ಲಿ ಎಣ್ಣೆ ಎನ್ನುತ್ತಾರೆ. ಲಗ್ಗೆರೆಯ ನಮ್ಮ ರೂಮಿನಲ್ಲಿ ಒಂದೇ ಮಂಚ. ಹಗಲು ಅದರ ಮೇಲೆ ರಾತ್ರಿ ಪಾಳಿಯ ನಾನು ಮಲಗುತ್ತೇನೆ, ರಾತ್ರಿ ನನ್ನ ಹೆಂಡತಿಯ ತಮ್ಮ, ಹಗಲು ಪಾಳಿಯ ಶಿವು. ಗಾರ್ಮೆಂಟ್ಸಿಗೆ ಹೋಗುವ ರೇಣುಕಾ ಒಲೆಯ ಪಕ್ಕ ಚಾಪೆ ಹಾಸಿಕೊಳ್ಳುತ್ತಾಳೆ. ಮಂಚ ಯಾವತ್ತೂ ತಣ್ಣಗಾಗುವುದಿಲ್ಲ, ತಿಗಣೆಗಳಿಗೆ ಎರಡೂ ಹೊತ್ತು ಊಟ. ಅಂಗಡಿಯ ಸ್ಪ್ರೇ ಅವುಗಳಿಗೆ ಅತ್ತರಿನಂತಾಗಿತ್ತು. ಊರಿನ ಮೆಣಸಿನಕಾಯಿ ಹೊಲಕ್ಕೆ ತಂದು ಉಳಿದಿದ್ದ ಎಣ್ಣೆಯನ್ನು ಶಿವು ಒಂದು ನೀರಿನ ಬಾಟಲಿಯಲ್ಲಿ ಹಾಕಿಕೊಂಡು ಬಂದ. ಚೀಟಿ ಇಲ್ಲ, ಹೆಸರಿಲ್ಲ.

"ಮಾಮಾ, ಗಿಡದಾಗಿನ ಹುಳಾನ ಸಾಯ್ತಾವ, ತಿಗಣಿದೇನ ದೊಡ್ಡಸ್ತನಾ?" ಎಂದು ಹಾಸಿಗೆಯ ಹೊಲಿಗೆ ಹೊಲಿಗೆಗೂ ಹೊಡೆದ. ಬಿಸಿಲಿಗೆ ಒಣಗಿಸಿದ. ನೆಂಟರ ಮದುವೆಗೆಂದು ಊರಿಗೆ ಹೋದ. ನಾನು ಅದರ ಮೇಲೆ ಬರಿಮೈಯಲ್ಲಿ, ಶೀಟಿನ ಮಾಡಿನ ಕೆಳಗೆ, ಬೆವರುತ್ತಾ ಮಲಗಿದೆ. ಒಳ್ಳೆಯ ನಿದ್ದೆ ಬಂತು. ಒಂದೂ ತಿಗಣೆ ಕಚ್ಚಲಿಲ್ಲ.

ಬೆವರಿನ ದಾರಿಯಲ್ಲಿ ಅದು ಒಳಗೆ ಬಂತು. ಬಾಯಿ ಬೇಕಾಗಲಿಲ್ಲ.

ಐಸಿಯುವಿನಲ್ಲಿ ಅಟ್ರೋಪಿನ್ ಹನಿಸಿದರು. ನಮ್ಮೂರಿನ ತಿಪ್ಪೆಯ ಮೇಲೆ ಬೆಳೆಯುವ ದತ್ತೂರಿಯಲ್ಲಿರುವುದೂ ಅದೇ ಎಂದು ಆಮೇಲೆ ತಿಳಿಯಿತು. ಒಂದು ವಿಷದ ಕೈಯನ್ನು ಇನ್ನೊಂದು ವಿಷ ಹಿಡಿದುಕೊಂಡಿತ್ತು. ಬಾಯಿ ಒಣಗಿತು, ಎದೆ ಹಗುರಾಯಿತು, ಪಾಪೆ ಅರಳಿ ಬೆಳಕು ಹಿಂದಿರುಗಿತು. ಹಾಗೆಯೇ ಇಲ್ಲದವೂ ಕಾಣತೊಡಗಿದವು. ಗೋಡೆಯ ಗಡಿಯಾರದಿಂದ ಲೋಹದ ಸುರುಳಿಗಳು ಉದುರುತ್ತಿದ್ದವು, ಲೇತಿನಿಂದ ಉದುರುವ ಹಾಗೆ. ಅಟ್ರೋಪಿನ್ ಹೆಚ್ಚಾದರೆ ಹೀಗಾಗುತ್ತದಂತೆ. ಆದ್ದರಿಂದ ಇಲ್ಲಿಂದ ಮುಂದಿನ ನನ್ನ ಕಣ್ಣುಗಳನ್ನು ನೀವು ಪೂರ್ತಿ ನಂಬಬೇಡಿ. ನಾನೂ ನಂಬಿಲ್ಲ.

ಸ್ವಲ್ಪ ಸುಧಾರಿಸಿದ ಮೇಲೆ ವಾರ್ಡಿಗೆ ಕಳಿಸಿದರು. ನನಗೆ ಚಳಿ. ರೇಣುಕಾ ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಅವ್ವನ ಕೌದಿ ತಂದಳು. ನಮ್ಮ ಕಡೆ ಕಾಯಿಲೆಯವರಿಗೆ ಹೊದಿಸುವುದು ಅಂಗಡಿಯ ಬ್ಲಾಂಕೆಟ್ ಅಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ತಾಯಿ ಹೊಲಿದ ಕೌದಿ. ಅದನ್ನು ವರ್ಷಕ್ಕೊಮ್ಮೆ, ಮಹಾನವಮಿಗೆ ಮುಂಚೆ, ಹೊಳೆಯಲ್ಲಿ ಒಗೆಯುತ್ತಾರೆ. ಲಗ್ಗೆರೆಯಲ್ಲಿ ಹೊಳೆ ಇಲ್ಲ, ಅದು ಹಿಡಿಸುವಂಥ ಬಕೆಟ್ಟೂ ಇಲ್ಲ.

"ಹಾಸಿಗಿ ಮಾಳಿಗಿ ಮ್ಯಾಲೆ ಒಯ್ದು ಇಟ್ಟ ಬಂದೀನಿ" ಅಂದಳು. "ಇದು ಟ್ರಂಕಿನಾಗ ಇತ್ತು. ನಿಮ್ಮವ್ವ ಫೋನಿನಾಗ ಮೊದಲ ಕೇಳಿದ್ದ ಇದನ್ನ, ಕೌದಿ ಹೊಚ್ಚೀಯೇನ ಅಂತ." ಗಲ್ಲದವರೆಗೆ ಎಳೆದು, ಎರಡೂ ಬದಿ ಮೈಯ ಕೆಳಗೆ ಸಿಕ್ಕಿಸಿದಳು.

ಬೆಚ್ಚಗಾಯಿತು.

ಮರುದಿನ ಮತ್ತೆ ಜೊಲ್ಲು. ಮತ್ತೆ ಬೆವರು. ಅಟ್ರೋಪಿನ್ ಏರಿಸಿದರು, ಜೊಲ್ಲು ಇಳಿಯಿತು. ಇಳಿಸಿದರು, ಏರಿತು. ಡಾಕ್ಟರ್ ಮೇಡಂ ಬಂದು ಕೇಸ್‌ಶೀಟನ್ನೂ ನನ್ನನ್ನೂ ನೋಡಿದರು. "ಸುಧಾರಿಸಿದವರು ಹಿಂದಕ್ಕೆ ಹೋಗ್ತಿದಾರೆ. ಹೀಗೇ ಆದ್ರೆ ವೆಂಟಿಲೇಟರ್ ಹಾಕ್ಬೇಕಾಗುತ್ತೆ." ರೇಣುಕಾಳ ಕಡೆ ತಿರುಗಿದರು. "ನಿಜ ಹೇಳಿ. ಹೊರಗಿಂದ ಏನಾದ್ರೂ ಕೊಡ್ತಿದೀರಾ ಇವರಿಗೆ?"

ಆ ಮಾತಿನ ನಂತರ ಬಾಗಿಲ ಹತ್ತಿರದ ಸೆಕ್ಯೂರಿಟಿ ಹೆಂಗಸು ರೇಣುಕಾಳ ಡಬ್ಬಿ ತೆಗೆದು ಮೂಸಿ ನೋಡತೊಡಗಿದಳು. ಅವಳ ತಪ್ಪೇನಿಲ್ಲ, ಹೇಳಿದ್ದನ್ನು ಮಾಡಿದಳು. ರೇಣುಕಾ ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಹಿಂಗ್ಯಾಕ ಮೂಸತೀರಿ? ಗಂಡಗ ವಿಷಾ ಹಾಕೂದಿದ್ರ ದವಾಖಾನಿಗಿ ಯಾಕ ಬಂದು ಕುಂಡರತಿದ್ನಿ? ತಗೋರಿ, ನೀವು ಒಂದ್ ತುತ್ತು, ನಾ ಒಂದ್ ತುತ್ತು."

"ಅಯ್ಯೋ ಅಕ್ಕ, ನಂಗೆ ಖಾರ ಆಗಲ್ಲ" ಅಂದಳು ಸೆಕ್ಯೂರಿಟಿಯವಳು.

ವಾರ್ಡಿನಲ್ಲಿ ಯಾರೋ ನಕ್ಕರು. ರೇಣುಕಾ ನಗಲಿಲ್ಲ. ಎಲ್ಲರ ಎದುರಿಗೆ ಡಬ್ಬಿಯ ಅನ್ನದಲ್ಲಿ ಅರ್ಧ ತಾನೇ ಉಂಡಳು, ಉಳಿದರ್ಧ ನನಗೆ ಉಣಿಸಿದಳು. ಆಮೇಲೆ ಜಾರಿದ್ದ ಕೌದಿಯನ್ನು ಮತ್ತೆ ಗಲ್ಲದವರೆಗೆ ಎಳೆದಳು. ನಾನು ಸಾಯುತ್ತಿದ್ದರೆ ಅವಳು ಕೊಂದವಳಾಗುತ್ತಿದ್ದಳು. ಇಷ್ಟು ಮಾತ್ರ ಆ ಮಂಪರಿನಲ್ಲೂ ನನಗೆ ಸ್ಪಷ್ಟವಾಗಿತ್ತು.

ಈಗ ಇರುವೆಗಳು.

ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಚೂರು ಕೌದಿಯ ಮೇಲೆ ಬಿದ್ದಿತ್ತು. ಕಿಟಕಿಯಿಂದ ಗೋಡೆ ಹಿಡಿದು, ಮಂಚದ ಕಂಬಿ ಹತ್ತಿ, ಒಂದು ಸಾಲು ಬರುತ್ತಿತ್ತು. ಕಂಬಿಯ ಮೇಲೆ ಅವು ಸರಿಯಾಗಿ ನಡೆಯುತ್ತಿದ್ದವು. ಅವ್ವನ ಹಸಿರು ಸೀರೆಯ ತುಂಡಿನ ಮೇಲೆ ಕಾಲಿಟ್ಟವು. ಒಂದು ನಿಂತಿತು. ಮೀಸೆ ಒರೆಸಿಕೊಂಡಿತು, ಮತ್ತೆ ಮತ್ತೆ ಒರೆಸಿಕೊಂಡಿತು, ನಿಲ್ಲಿಸಲಾಗದವರ ಹಾಗೆ. ಆಮೇಲೆ ಅದರ ಕಾಲುಗಳು ನಡುಗತೊಡಗಿದವು. ಕೂದಲಿಗಿಂತ ಸಣ್ಣ ಕಾಲು. ಅದೇ ಹೊತ್ತಿಗೆ ಕೌದಿಯ ಕೆಳಗೆ ನನ್ನ ಮೀನಖಂಡ ನಡುಗುತ್ತಿತ್ತು. ಎರಡೂ ಒಂದೇ ನಡುಕ. ನಾನು ಹೆದರಲಿಲ್ಲ. ಹೆದರಬೇಕಿತ್ತು, ಆದರೆ ದೊಡ್ಡದೇನನ್ನೋ ನೋಡುತ್ತಿರುವಂತೆ ಸುಮ್ಮನೆ ನೋಡಿದೆ. ಇಷ್ಟು ದಿನ ಬೆರಳಿನಲ್ಲಿ ಒರೆಸಿ ಹಾಕಿದ ಜೀವವೊಂದು ನನ್ನ ಕಾಯಿಲೆಯನ್ನು ನನಗಿಂತ ಮೊದಲು ಮುಗಿಸುತ್ತಿತ್ತು, ಅದರ ಒಳಗೂ ಉಸಿರು ಸಿಕ್ಕಿಕೊಳ್ಳುವ ಒಂದು ಜಾಗವಿತ್ತು. ಅದು ಅಂಗಾತ ಬಿತ್ತು. ಹಿಂದಿನದು ಬಂದು ಅದನ್ನು ಮುಟ್ಟಿ, ತಾನೂ ನಿಂತಿತು.

"ಇರುವಿ... ನಡಗಾಕತ್ತಾವ" ಎಂದು ಸಿಸ್ಟರಿಗೆ ತೋರಿಸಿದೆನಂತೆ.

"ಅಟ್ರೋಪಿನ್ನು" ಅಂದರಂತೆ ಅವರು. "ಎಲ್ಲರಿಗೂ ಹುಳನೇ ಕಾಣೋದು, ಅಣ್ಣ. ಮಲ್ಕೊಳಿ."

ಅಷ್ಟು ಹೊತ್ತಿಗೆ ಕೌದಿ ನನ್ನ ಮೇಲಿಂದ ಹೋಯಿತು. ಹೇಗೆ ಎಂಬುದಕ್ಕೆ ಮೂರು ಕಥೆಗಳಿವೆ. ನನ್ನ ಕಥೆಯಲ್ಲಿ ನಾನು ಇರುವೆ ಇರುವೆ ಎಂದು ಕೂಗಿ ಅದನ್ನು ಒದ್ದೆ. ಡಾಕ್ಟರ್ ಮೇಡಂ ಹೇಳುವುದು, ಎದೆಗೆ ಸ್ಟೆತೊಸ್ಕೋಪ್ ಇಡಲು ಬಗ್ಗಿದಾಗ ಬಟ್ಟೆಯಿಂದ ಬೆಳ್ಳುಳ್ಳಿಯಂಥ ವಾಸನೆ ಬಂತು ಎಂದು. ರೇಣುಕಾ ಹೇಳುವುದು, ಕೌದಿ ಸರಿಮಾಡುವಾಗ ಹೊಲ ನೆನಪಾಯಿತು ಎಂದು. ಅಷ್ಟೇ, ಹೊಲ. ಸಣ್ಣವಳಿದ್ದಾಗ ಎಣ್ಣೆ ಹೊಡೆದ ದಿನ ಅವರಪ್ಪ ಅವಳನ್ನು ಬದುವಿನಿಂದಲೇ ಓಡಿಸುತ್ತಿದ್ದನಂತೆ. ಅವಳು ಕೌದಿಯನ್ನು ಕಾರಿಡಾರಿಗೆ ಎಸೆದು ಶಿವುಗೆ ಫೋನ್ ಹಚ್ಚಿದಳು. ಈ ಫೋನಿನ ಬಗ್ಗೆ ಮಾತ್ರ ಮೂರೂ ಕಥೆಗಳಲ್ಲಿ ಜಗಳವಿಲ್ಲ.

"ಟ್ರಂಕಿನಾಗೂ ಹೊಡದಿ ಏನಲೇ?"

"ಹೂಂ ಅಕ್ಕಾ. ಕೌದಿ ಮಡಿಕ್ಯಾಗ ಅಡಗಿರ್ತಾವಲ್ಲ. ಹೊಡದು ಗಪ್ಪನ ಮುಚ್ಚೀನಿ, ಹೊರಗ ಬರಬಾರದಂತ. ಯಾಕ, ಇನ್ನೂ ಅದಾವೇನ?"

ರೇಣುಕಾ ಫೋನ್ ಇಟ್ಟಳು. ಗೋಡೆಗೆ ಒರಗಿ ಕೂತಳು. ಡಾಕ್ಟರ್ ಮೇಡಂ ಅವಳ ಪಕ್ಕ ನೆಲದ ಮೇಲೇ ಕೂತು, "ಸಾರಿ ಕಣಮ್ಮಾ" ಅಂದರಂತೆ. ನಾನು ನೋಡಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನನ್ನನ್ನು ಸೋಪು ಹಾಕಿ ತೊಳೆದರು, ಮತ್ತೆ ತೊಳೆದರು, ತಲೆ ಬೋಳಿಸಿದರು. ಕೂದಲಿನಲ್ಲೂ ಅದು ಕೂತಿರುತ್ತದಂತೆ. ವೆಂಟಿಲೇಟರ್ ಬೇಕಾಗಲಿಲ್ಲ. ಹಿಂದಕ್ಕೆ ಹೋದವನು ನಿಧಾನವಾಗಿ ಮುಂದಕ್ಕೆ ಬಂದೆ. ಸೆಕ್ಯೂರಿಟಿಯ ಹೆಂಗಸು ಡಿಸ್ಚಾರ್ಜ್ ದಿನ ರೇಣುಕಾಳ ಕೈಗೆ ಒಂದು ಎಳನೀರು ಇಟ್ಟು ಹೋದಳು.

ಡಾಕ್ಟರ್ ಮೇಡಂ ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನರ ಸ್ನಾಯುವಿಗೆ ಕುಣಿ ಎನ್ನುತ್ತದೆ. ಕುಣಿದ ಮೇಲೆ ಆ ಮಾತನ್ನು ಅಳಿಸಲು ಒಂದು ಎನ್‌ಜೈಮ್ ಇದೆ. ವಿಷ ಅದನ್ನು ಕಟ್ಟಿಹಾಕುತ್ತದೆ. ಆಗ ಹೇಳಿದ ಮಾತು ಮುಗಿಯುವುದೇ ಇಲ್ಲ. ಮಷಿನ್ ಶಾಪಿನವನಿಗೆ ಇದು ಬೇಗ ಅರ್ಥವಾಗುತ್ತದೆ: ಸ್ಟಾರ್ಟ್ ಒತ್ತಿದ್ದಾರೆ, ಸ್ಟಾಪ್ ಬಟನ್ ಕಿತ್ತಿದ್ದಾರೆ.

"ತಿಗಣಿಗೂ ಅದ ಏನ್ರಿ ಮೇಡಂ?"

"ಅದೇ. ಇರುವೆಗೆ, ಮೀನಿಗೆ, ಹಕ್ಕಿಗೆ, ನಂಗೆ, ನಿಮಗೆ. ಸ್ವಲ್ಪ ಹೆಚ್ಚು ಕಮ್ಮಿ."

"ಕಟ್ಟಿದ್ದು ಬಿಚ್ಚತೈತೇನ್ರಿ?"

"ತಡ ಆದ್ರೆ ಬಿಚ್ಚಲ್ಲ. ದೇಹ ಹೊಸದು ಮಾಡ್ಕೊಳ್ಳುತ್ತೆ. ಈಗ್ಲೂ ಮಾಡ್ತಾ ಇದೆ, ನೀವು ಮಾತಾಡ್ತಾ ಇರೋವಾಗ್ಲೇ."

ಆ ಮಾತಿಗೆ ನಾನು ನನ್ನ ಅಂಗೈ ನೋಡಿಕೊಂಡೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ತಪ್ಪಿದರೆ ಪೀಸನ್ನು ಸ್ಕ್ರ್ಯಾಪಿಗೆ ಎಸೆಯುವವನು ನಾನು. ಅದಕ್ಕಿಂತ ಎಷ್ಟೋ ಸಣ್ಣದಾದ ಏನೋ ನನ್ನೊಳಗೆ, ನನ್ನ ಕೈ ಕಣ್ಣು ಯಾವುದೂ ಇಲ್ಲದೆ ತಯಾರಾಗುತ್ತಿದೆ. ಇರುವೆಗೂ ನನಗೂ ಒಂದೇ ಬಟನ್ ಕೊಟ್ಟದ್ದು ಯಾರು, ಯಾವಾಗ? ಆ ಬಟನ್ ಎಲ್ಲಿದೆ ಎಂದು ಹುಡುಕಿ, ಅದಕ್ಕೆ ಸರಿಯಾಗಿ ಕೂರುವ ವಿಷ ತಯಾರಿಸಿದವರ ಜಾಣತನವೂ ಸಣ್ಣದಲ್ಲ. ಸಿಟ್ಟು ಬರಬೇಕಾದಲ್ಲಿ ನನಗೆ ಬರುತ್ತಿರುವುದು ಬೆರಗು. ಇದು ಸರಿಯೋ ತಪ್ಪೋ ತಿಳಿಯದು.

ಕೌದಿ ಈಗ ಮಾಳಿಗೆಯ ಮೂಲೆಯಲ್ಲಿ, ಹಾಸಿಗೆಯ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು ಕೂತಿದೆ. ಸುಟ್ಟರೆ ಹೊಗೆ ಓಣಿಗೆ. ಒಗೆದರೆ ನೀರು ಮೋರಿಗೆ, ಮೋರಿಯಿಂದ ಕೆರೆಗೆ. ಕಸದ ಗಾಡಿಗೆ ಹಾಕಿದರೆ, ಅಷ್ಟು ಚೆಂದದ ಹೊಲಿಗೆ, ಯಾರಾದರೂ ಎತ್ತಿಕೊಂಡು ಹೋಗಿ ಹೊದೆಯುತ್ತಾರೆ. ಎಲ್ಲಿ ಕೊಡಬೇಕು ಎಂದು ಕೇಳಿದವರೆಲ್ಲ ಇನ್ನೊಬ್ಬರನ್ನು ಕೇಳಿ ಎಂದರು. ಅವ್ವ ಫೋನಿನಲ್ಲಿ, "ಕೌದಿ ಹೊಚ್ಚಿದ್ದಕ್ಕ ಆರಾಮಾತಿಲ್ಲೋ?" ಅನ್ನುತ್ತಾಳೆ. "ಹೂಂ ಅವ್ವಾ" ಅನ್ನುತ್ತೇನೆ. ಶಿವು ರೂಮಿಗೆ ಬಂದವನು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ರೇಣುಕಾಳೇ ಅವನ ತಟ್ಟೆಗೆ ರೊಟ್ಟಿ ಹಾಕಿ, "ಉಣ್ಣೋ ಎಣ್ಣಿ ಡಾಕ್ಟರಾ" ಅಂದಳು. ಅವನು ಅತ್ತ.

ಇನ್ನೂ ಕೆಲಸಕ್ಕೆ ಹೋಗಿಲ್ಲ. ಮೇಡಂ ಒಂದು ಮಾತು ಹೇಳಿ ಕಳಿಸಿದ್ದಾರೆ. ಈ ಜಾತಿಯ ಕೆಲವು ವಿಷಗಳು ಎಲ್ಲ ಮುಗಿಯಿತು ಎಂದುಕೊಂಡ ಮೇಲೆ, ಕೆಲವು ವಾರ ಬಿಟ್ಟು, ಕಾಲಿನ ನರಗಳಿಗೆ ಬರುತ್ತವಂತೆ. ಮೊದಲು ಬೆರಳು ಜುಮ್ಮೆನ್ನುತ್ತದೆ, ಆಮೇಲೆ ಪಾದ ಎತ್ತಲಾಗುವುದಿಲ್ಲ. ಬರಬಹುದು, ಬಾರದೆಯೂ ಇರಬಹುದು. ಬಾಟಲಿಯಲ್ಲಿದ್ದದ್ದು ಯಾವುದು ಎಂದು ತಿಳಿದಿದ್ದರೆ ಹೇಳಬಹುದಿತ್ತು. ಶಿವು ಊರಿನ ಅಂಗಡಿಯವನನ್ನು ಕೇಳಿದ. ಅವನು, ಆ ಸೀಸನ್ನಿನಲ್ಲಿ ಮೂರು ನಾಲ್ಕು ಥರ ಮಾರಿದ್ದೆ ಅಂದ.

ಹಾಗಾಗಿ ಬೆಳಿಗ್ಗೆ ರೇಣುಕಾ ಕೆಲಸಕ್ಕೆ ಹೊರಡುವ ಮುಂಚೆ ನಾನು ಅವಳ ಭುಜ ಹಿಡಿದು ತುದಿಗಾಲಿನ ಮೇಲೆ ನಿಲ್ಲುತ್ತೇನೆ. ಅವಳು ಕೆಳಗೆ ನನ್ನ ಹಿಮ್ಮಡಿ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. "ಎದ್ದಾವ" ಅನ್ನುತ್ತಾಳೆ. ಬಸ್ಸಿಗೆ ಓಡುತ್ತಾಳೆ.

ಇವತ್ತು ಎದ್ದವು. ಎಡಗಾಲಿನ ಕಿರುಬೆರಳು ಸ್ವಲ್ಪ ಜುಮ್ಮೆಂದಂತಾಯಿತು. ಹೆದರಿಕೆಯಿಂದ ಹಾಗನ್ನಿಸಿತೋ, ನಿಜವಾಗಿ ಆಯಿತೋ, ನನಗೆ ಗೊತ್ತಿಲ್ಲ.