ಕಪಾಟು ಬೇಡವೆಂದದ್ದು ಬೆಕ್ಕಲ್ಲ

ಕಸ್ತೂರಿ, ನಿನ್ನ ಕನ್ನಡಿ ಕಪಾಟನ್ನು ವಿಜಾಪುರದ ಮನೆಯಿಂದ ಹೊರಗೆ ಹಾಕಿಸಿದವಳು ನಾನು. ಬೆಕ್ಕಲ್ಲ. ಅತ್ತೆಯೂ ಅಲ್ಲ — ಅವರ ಬಾಯಿಂದ ಮಾತು ಬಂತು, ಅಷ್ಟೆ. ಮಾಡಿದವಳು ನಾನು, ನಿನ್ನ ನೆಗೆಣ್ಣಿ, ಆ ಮನೆಯ ಹಿರಿಸೊಸೆ, ನೀನು ಸಿಟ್ಟಿನಲ್ಲೂ ಅಕ್ಕಾರ ಎಂದೇ ಕರೆಯುತ್ತಿದ್ದವಳು. ಅದೂ ಒಂದು ಸಲವಲ್ಲ, ಎರಡು ಸಲ.

ನಿನ್ನ ಮೇಲಿನ ಸಿಟ್ಟೆಲ್ಲ ಇಳಿದುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ಪೂರ್ತಿ ಇಳಿದಿಲ್ಲ. ನಿನ್ನ ನಗು ನೆನಪಾದರೆ ಈಗಲೂ ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಸಪ್ಪಳ ಮಾಡಿಯೇ ಕೆಳಗಿಡುತ್ತೇನೆ. ಆದರೆ ಸಿಟ್ಟು ಬೇರೆ, ಮಾಡಿದ್ದು ಬೇರೆ. ಇಷ್ಟು ವರ್ಷ ಎರಡನ್ನೂ ಒಂದೇ ಗಂಟು ಕಟ್ಟಿ ಇಟ್ಟುಕೊಂಡಿದ್ದೆ —

ಅತ್ತೆಯ ಪದ್ಧತಿ ನಿನಗೆ ಗೊತ್ತು. ಆದರೂ ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ನನ್ನ ಕೆಲಸದ ಹೊಲಸು ಪೂರ್ತಿ ಕಾಣುವುದಿಲ್ಲ. ಮನೆಗೆ ಯಾವ ಹೊಸ ಸಾಮಾನು ಬಂದರೂ — ಬೀಸುಕಲ್ಲಾಗಲಿ, ತೊಟ್ಟಿಲಾಗಲಿ, ಖುರ್ಚಿಯಾಗಲಿ — ಅತ್ತೆ ಅದನ್ನು ಕೂಡಲೇ ಬಳಸಲು ಬಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಇಟ್ಟು ಕಾಯುತ್ತಿದ್ದರು. ಮನೆಯ ಬೆಕ್ಕು ತಾನಾಗಿ ಬಂದು ಅದಕ್ಕೆ ಗಲ್ಲ ಉಜ್ಜಬೇಕು. ಉಜ್ಜಿದ ಮೇಲೆಯೇ ಅರಿಷಿಣ ಕುಂಕುಮ. ಅವರ ತವರಿನಿಂದ ಬಂದ ನಡೆ ಅದು. ಜೋಳದ ಚೀಲಗಳನ್ನು ಇಲಿಯಿಂದ ಕಾಯುವ ಬೆಕ್ಕಿಗೆ ಮನೆಯ ಒಳಿತು ಕೆಡುಕು ನಮಗಿಂತ ಮೊದಲು ತಿಳಿಯುತ್ತದೆ ಎಂದು ನಂಬಿದ್ದರು. ಈಗಲೂ — ಅಲ್ಲ, ಮೊನ್ನೆಯವರೆಗೂ ನಂಬಿದ್ದರು.

ನಾನು ಅರಕೇರಿಯಿಂದ ಸೊಸೆಯಾಗಿ ಬಂದಾಗ ನನ್ನ ಜೊತೆ ಬಂದದ್ದು ಒಂದು ಹಸಿರು ಟ್ರಂಕು. ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ಆಗ ಮನೆಯಲ್ಲಿದ್ದ ಬೆಕ್ಕು, ನೀನು ಕಂಡ ಬಂಗಾರಿಯ ತಾಯಿ. ಅದು ಟ್ರಂಕಿನ ಹತ್ತಿರ ಬರಲಿಲ್ಲ. ದಿನಗಳು ಹೋದವು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ಇಣುಕಿ, ಬೆಕ್ಕು ಇನ್ನೂ ಒಪ್ಪಿಲ್ಲವೇನು ಎಂದು ಕೇಳಿ ಹೋಗುತ್ತಿದ್ದರು. ನನ್ನ ಸೀರೆಗಳು ಮೂಲೆಯಲ್ಲಿ ಗಂಟಿನಲ್ಲೇ ಇದ್ದವು. ಅತ್ತೆ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟರು. ಆ ಭಯ ನನಗೆ ಗೊತ್ತು, ಕಸ್ತೂರಿ. ಇದನ್ನು ನೆನಪಿಡು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಬೆಕ್ಕನ್ನೇ ನೋಡುತ್ತ ಕೂರುತ್ತಿದ್ದೆ. ತನ್ನ ವಾಸನೆ ಇರುವ ಕಡೆಗೇ ಅದು ಮತ್ತೆ ಮತ್ತೆ ಗಲ್ಲ ತಿಕ್ಕುತ್ತದೆ ಎಂದು ತಿಳಿಯಿತು. ಅದು ಮಲಗುವ ಗೋಣಿಯಿಂದ ಒಂದು ಅರಿವೆ ತೆಗೆದು, ಅದರ ಕಿವಿಯ ಕೆಳಗೆ ಮೆಲ್ಲಗೆ ಒರೆಸಿ, ಅದೇ ಅರಿವೆಯಿಂದ ಟ್ರಂಕಿನ ಮೂಲೆಗಳನ್ನು ಒರೆಸಿದೆ. ಟ್ರಂಕನ್ನು ಪಡಸಾಲೆಯ ನಡುವಿನಿಂದ ಗೋಡೆಯ ಬದಿಗೆ ಸರಿಸಿದೆ, ಹೆದರಿದರೆ ಓಡಲು ದಾರಿ ಇರಲಿ ಎಂದು. ಗೋಣಿಯನ್ನು ದಿನಕ್ಕಿಷ್ಟು ಹತ್ತಿರ ತಂದೆ. ಒಂದು ಬೆರಳು ಕೆನೆಯನ್ನು ನೆಲಕ್ಕೆ ಹಚ್ಚಿದೆ. ಎತ್ತಿಕೊಂಡು ಹೋಗಿ ತೋರಿಸಲಿಲ್ಲ. ಹಾಗೆ ಮಾಡಿದರೆ ಕೆಲಸ ಕೆಟ್ಟಿತು. ಒಂದು ಬೆಳಿಗ್ಗೆ ಅತ್ತೆ ನೋಡುತ್ತಿರುವಾಗಲೇ ಅದು ಬಂದು ಟ್ರಂಕಿಗೆ ಗಲ್ಲ ಉಜ್ಜಿತು. ಅತ್ತೆ ಕುಂಕುಮ ಹಚ್ಚಿದರು. ಅಂದಿನಿಂದ ನಾನು ಒಳ್ಳೆಯ ಕಾಲ್ಗುಣದ ಸೊಸೆ.

ಆಮೇಲೆ ಮನೆಗೆ ಬಂದ ಪ್ರತಿಯೊಂದನ್ನೂ ನಾನೇ ಒಗ್ಗಿಸಿದೆ. ಗೋಡೆ ಗಡಿಯಾರದ ಗಂಟೆಗೆ ಬಂಗಾರಿ ಬೆಚ್ಚಿ ಅಟ್ಟ ಹತ್ತುತ್ತಿದ್ದಾಗ ಒಳಗೆ ಹತ್ತಿ ತುರುಕಿ, ದಿನಾ ಸ್ವಲ್ಪ ಸ್ವಲ್ಪ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ. ಅದರಲ್ಲಿ ಕೆಟ್ಟದ್ದೇನಿದೆ ಎಂದುಕೊಂಡಿದ್ದೆ —

ಆಗ ನೀನು ಬಂದೆ. ನಯೇ ಪೈಸೆ ಬಂದ ಹೊಸತು ಅದು, ಪೇಟೆಯಲ್ಲಿ ಇನ್ನೂ ಆಣೆಯ ಮಾತೇ ನಡೆಯುತ್ತಿತ್ತು. ತಿಕೋಟಾದಿಂದ ಚಕ್ಕಡಿಯಲ್ಲಿ, ಕೌದಿಗಳಲ್ಲಿ ಸುತ್ತಿ ನಿನ್ನ ಕಪಾಟು ಬಂತು. ನಿಮ್ಮ ಹಳೆಯ ಮನೆಯ ಸಾಗವಾನಿ ತೊಲೆಗಳನ್ನು ಕೊಯ್ದು ನಿನ್ನ ಅಣ್ಣ ತಾನೇ ನಿಂತು ಮಾಡಿಸಿದ್ದು. ಕನ್ನಡಿ ಸೊಲ್ಲಾಪುರದ್ದು. ಕೌದಿ ಬಿಚ್ಚಿದಾಗ ನಾನು ಎದುರಿಗೇ ನಿಂತಿದ್ದೆ. ನೆತ್ತಿಯಿಂದ ಕಾಲಿನವರೆಗೆ ನನ್ನನ್ನು ನಾನು ನೋಡಿದ್ದು ಅದೇ ಮೊದಲು. ಕುಪ್ಪಸದ ತೋಳಿನ ತೇಪೆ ನನಗಿಂತ ಮೊದಲು ಕಂಡಿತು. ಆಗ ನೀನು ಎಲ್ಲರ ಮುಂದೆ ಅಂದೆ:

“ಅಕ್ಕಾರ, ನಿಮ್ಮ ಸೀರಿನೂ ಇದರಾಗ ಇಡ್ರಿ. ಆ ಟ್ರಂಕಿನಾಗ ಇಟ್ಟರ ತುಕ್ಕಿನ ಕಲಿ ಬೀಳ್ತಾವು.”

ಈಗ ಯೋಚಿಸಿದರೆ ಅದರಲ್ಲಿ ಪ್ರೀತಿಯೇ ಇತ್ತೇನೋ. ಅಂದು ನನಗೆ ಕೇಳಿಸಿದ್ದು ತುಕ್ಕು ಒಂದೇ.

ಆಮೇಲಿನ ತಿಂಗಳು ನಾವಿಬ್ಬರೂ ಹೇಗಿದ್ದೆವೆಂದು ನಿನಗೆ ನೆನಪಿರಬೇಕು. ನಾನು ಸ್ನಾನಕ್ಕೆ ಹೋದರೆ ಹಂಡೆಯಲ್ಲಿ ನಿನಗೆ ಬಿಸಿನೀರು ಉಳಿಸುತ್ತಿರಲಿಲ್ಲ. ನೀನು ನನ್ನ ಅರಕೇರಿ ಮಾತನ್ನು ಅಣಕಿಸಿ ಮೈದುನನನ್ನು ನಗಿಸುತ್ತಿದ್ದೆ. ಒಂದೇ ಒಲೆಯ ಮುಂದೆ ಕೂತು ತುಟಿ ಬಿಚ್ಚದೆ ರೊಟ್ಟಿ ಬಡಿದಿದ್ದೇವೆ. ಬಡಿಯುವ ಸಪ್ಪಳದಲ್ಲೇ ಒಬ್ಬರನ್ನೊಬ್ಬರು ಬೈದಿದ್ದೇವೆ. ಅತ್ತೆಯ ಪದ್ಧತಿ ಕೇಳಿ ನೀನು ನಕ್ಕದ್ದು ಇನ್ನೂ ಕಿವಿಯಲ್ಲಿದೆ — “ಈ ಮನ್ಯಾಗ ಬೆಕ್ಕು ಸಹಿ ಮಾಡಿದರಷ್ಟ ಸಾಮಾನು ಒಳಗ ಬರ್ತಾವೇನ್ರಿ? ಹಂಗಾರ ನನ್ನೂ ಮೂಸಿ ನೋಡಿತೇನು?” ಅತ್ತೆಗೆ ಕೇಳಿಸಿತು. ಅವರು ನಗಲಿಲ್ಲ. ನನಗೆ ಖುಷಿಯಾಯಿತು.

ಬಂಗಾರಿ ನಿನ್ನ ಕಪಾಟಿಗೆ ಮೊದಲು ಸ್ವಲ್ಪ ಹೆದರಿದ್ದು ನಿಜ. ಕನ್ನಡಿಯಲ್ಲಿ ಕಂಡ ಬೆಕ್ಕಿನ ಹಿಂದೆ ಏನಿದೆ ಎಂದು ಕಪಾಟಿನ ಬೆನ್ನಿಗೆ ಹೋಗಿ ನೋಡಿ ಬರುತ್ತಿತ್ತು. ಅಷ್ಟೆ. ಬಿಟ್ಟಿದ್ದರೆ ಎಂಟು ದಿನದಲ್ಲಿ ತಾನೇ ಒಗ್ಗುತ್ತಿತ್ತು. ನಾನು ಬಿಡಲಿಲ್ಲ.

ಪಕ್ಕದ ಮನೆಯ ಹುಸೇನಬಿಯವರ ಗಂಡುಬೆಕ್ಕು ನಿನಗೆ ಗೊತ್ತು, ಬಂಗಾರಿಯ ಕಿವಿ ಹರಿದದ್ದು ಅದೇ. ಅದು ಹಿತ್ತಲ ಗೋಡೆಯ ಮೇಲಿನ ಗೋಣಿಯ ಮೇಲೆ ದಿನಾ ಉಚ್ಚೆ ಹಾರಿಸಿ ಹೋಗುತ್ತಿತ್ತು. ಆ ಗೋಣಿಯ ತುಂಡೊಂದನ್ನು ತಂದು, ನೀನು ಬಟ್ಟೆ ಒಗೆಯಲು ಹೋಗಿದ್ದಾಗ, ಕಪಾಟಿನ ಕಾಲುಗಳಿಗೂ ಕೆಳಗಿನ ಹಲಗೆಯ ಒಳಮೈಗೂ ತಿಕ್ಕಿದೆ. ಹೊಸ ಪಾಲೀಶಿನ ಘಾಟಿನಲ್ಲಿ ಮನುಷ್ಯರ ಮೂಗಿಗೆ ಅದು ಹತ್ತಲಿಲ್ಲ. ಬಂಗಾರಿಗೆ ಹತ್ತಿತು. ಮೂಗಿಗೆ ವೈರಿಯ ವಾಸನೆ, ಕಣ್ಣಿಗೆ ಕನ್ನಡಿಯಲ್ಲಿ ಮೈ ಉಬ್ಬಿಸಿ ನಿಂತ ಬೆಕ್ಕು. ಪಾಪ, ಅದು ತಿಳಿದುಕೊಂಡದ್ದರಲ್ಲಿ ತಪ್ಪೇನಿತ್ತು? ಬಾಲ ಕುಂಚದಂತೆ ಉಬ್ಬಿ, ಎದೆಯೊಳಗಿಂದ ಗುರುಗುಟ್ಟಿ, ಹಾರಿ ಕನ್ನಡಿಗೆ ಪಂಜ ಹೊಡೆಯಿತು. ಅನ್ನ ಹಾಕಿದರೂ ಒಳಗೆ ಬರಲಿಲ್ಲ.

“ಬಂಗಾರಿ ಒಲ್ಲೆ ಅಂದಾಳ. ಹೊರಗ ಇಡ್ರಿ ಅದನ್ನ,” ಅಂದರು ಅತ್ತೆ.

ಹಿತ್ತಲ ತಗಡಿನ ಚಪ್ಪರದಲ್ಲಿ, ಒಲೆಗೆ ಹಾಕುವ ಕುಳ್ಳಿನ ರಾಶಿಯ ಪಕ್ಕಕ್ಕೆ ನಿನ್ನ ಕಪಾಟು ಹೋಯಿತು. ನೀನು ಅಳಲಿಲ್ಲ. ಸೀರೆ ಬದಲಿಸಬೇಕಾದಾಗಲೆಲ್ಲ ಅಂಗಳ ದಾಟಿ ಹೋಗಿ ತರುತ್ತಿದ್ದೆ, ತಲೆ ಎತ್ತಿಕೊಂಡೇ. ಹಿಂಗಾರಿ ಮಳೆಗೆ ಕನ್ನಡಿಯ ಬೆನ್ನಿನ ಪಾದರಸ ಮಚ್ಚೆ ಮಚ್ಚೆಯಾಯಿತು. ನಾನು ನೋಡಿದೆ, ಒಂದು ಗೋಣಿಚೀಲವನ್ನೂ ಹೊದಿಸಲಿಲ್ಲ.

ಇಲ್ಲಿಯವರೆಗಿನದನ್ನು ಸಿಟ್ಟು ಎನ್ನಬಹುದು. ಮುಂದಿನದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನೀನು ಸುಮ್ಮನೆ ಕೂರಲಿಲ್ಲ. ಕಪಾಟಿನ ಕಾಲುಗಳನ್ನೂ ಕೆಳಗಿನ ಹಲಗೆಯನ್ನೂ ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ — ಧೂಳು ಎಂದುಕೊಂಡು ತೊಳೆದೆ, ನನ್ನ ಕೆಲಸವೂ ತೊಳೆದುಹೋಯಿತು. ನಿನ್ನ ಹಳೆಯ ಸೀರೆಯನ್ನು ಕನ್ನಡಿಗೆ ಇಳಿಬಿಟ್ಟೆ. ಮಧ್ಯಾಹ್ನ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಟ್ಟು, ಬೆಕ್ಕಿನ ಕಡೆ ನೋಡದೆ ಬೆನ್ನು ತಿರುಗಿಸಿ ಕೂರುತ್ತಿದ್ದೆ. ಬಂಗಾರಿ ಉಂಡು ಹೋಗುತ್ತಿತ್ತು. ಮರುದಿನ ಸೀರೆಯನ್ನು ಒಂದು ಗೇಣು ಮೇಲಕ್ಕೆ ಕಟ್ಟುತ್ತಿದ್ದೆ. ಅಡಿಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ನಾನು ಯಾರಿಗೂ ಹೇಳಿಕೊಡದ ವಿದ್ಯೆ ಅದು. ನೀನು ನಿನ್ನಷ್ಟಕ್ಕೆ ಕಲಿಯುತ್ತಿದ್ದೆ, ನಾನು ಕಲಿತ ಕಾರಣಕ್ಕೇ ಕಲಿಯುತ್ತಿದ್ದೆ. ಒಂದು ದಿನ ಬಂಗಾರಿ ಅರ್ಧ ತೆರೆದ ಕನ್ನಡಿಯ ಮುಂದೆ ಕೂತು ಮುಖ ತೊಳೆದುಕೊಂಡಿತು. ನೀನು ಅತ್ತೆಯ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ಬಂದು ನೋಡಿ ಎಂದು ಬೇಡಿಕೊಂಡೆ. ಅತ್ತೆ ಆಗಲಿ ಎಂದರು. ಅಷ್ಟು ದಿನ ಮಾತು ಬಿಟ್ಟವಳು ಅಂದು ನನಗೂ ಬಂದು ಹೇಳಿದೆ, ಕಣ್ಣು ತುಂಬ ಬೆಳಕು ಇಟ್ಟುಕೊಂಡು.

ಅಂದು ಸಂಜೆ ನೀನು ಒಳಗೆ ದೀಪ ಹಚ್ಚುತ್ತಿದ್ದಾಗ ನಾನು ಆ ಗೋಣಿಯ ಇನ್ನೊಂದು ತುಂಡು ತೆಗೆದುಕೊಂಡು ಚಪ್ಪರಕ್ಕೆ ಹೋದೆ. ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ. ನಿಂತೆ ಎಂದು ಬರೆಯಲು ಎಷ್ಟು ಆಸೆ ನನಗೆ — ನಿಲ್ಲಲಿಲ್ಲ. ಕನ್ನಡಿಯ ಚೌಕಟ್ಟಿಗೆ ತಿಕ್ಕಿದೆ, ನಿನ್ನ ಸೀರೆಯ ಒಳಬದಿಗೂ ತಿಕ್ಕಿದೆ.

ಬೆಳಿಗ್ಗೆ ಅತ್ತೆ ಬಂದರು, ಹುಸೇನಬಿಯವರೂ ಗೋಡೆಯಾಚೆ ನಿಂತರು. ಅವಸರಕ್ಕೆ ನೀನು ಬಂಗಾರಿಯನ್ನು ಎತ್ತಿಕೊಂಡೆ. ಅದು ನಿನ್ನನ್ನು ನಂಬಿ ತೋಳಿನಲ್ಲಿ ಕೂತಿತ್ತು. ಕಪಾಟಿನ ಹತ್ತಿರ ಹೋಗಿ ಸೀರೆ ಎಳೆದೆ. ಮುಂದಿನದನ್ನು ನಿನ್ನ ಮುಖದ ಮೇಲೆ ಬಂಗಾರಿ ಎಳೆದ ಗೀರೇ ಹೇಳುತ್ತದೆ, ಹಣೆಯಿಂದ ಗಲ್ಲದವರೆಗೆ. ನೋವಿಗೆ ನೀನು ಅದನ್ನು ಕೊಡವಿ ಎಸೆದೆ. ಅದು ಗೋಡೆ ಹಾರಿ ಹೋದದ್ದು ಮತ್ತೆ ಬರಲಿಲ್ಲ. ಮನೆಯ ಬೆಕ್ಕನ್ನು ಓಡಿಸಿದವಳು ಎಂದು ಅತ್ತೆ ಅಂದರು. ನಾನು ಓಡಿ ಬಂದು ನಿನ್ನ ಗಾಯಕ್ಕೆ ಅರಿಷಿಣ ಒತ್ತಿದೆ. ಅದೇ ಕೈಯಿಂದ.

ಬಬಲೇಶ್ವರದ ಸಾಲೆಯಲ್ಲಿ ಮಾಸ್ತರಾಗಿದ್ದ ಮೈದುನ ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದ. ಅತ್ತೆ ಅವನನ್ನು ಕರೆಸಿ, ಹೆಂಡತಿಯನ್ನೂ ಕಪಾಟನ್ನೂ ಕರೆದುಕೊಂಡು ಹೋಗು, ಅದು ಇರುವ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ ಎಂದರು. ಚಕ್ಕಡಿ ಹೂಡಿದ ಮೇಲೆ ನೀನು ತಿರುಗಿ ನನ್ನ ಮುಂದೆ ಬಂದು ನಿಂತೆ.

“ಬೆಕ್ಕಿಗೆ ಎಲ್ಲಾ ಒಗ್ಗಿತ್ತರಿ, ಅಕ್ಕಾರ. ಒಗ್ಗದಾಕಿ ನೀವು.”

ನಾನು ಮಾಡಿದ್ದು ನಿನಗೆ ಗೊತ್ತಿರಲಿಲ್ಲ. ನನ್ನ ಮನಸ್ಸು ಮಾತ್ರ ಗೊತ್ತಿತ್ತು.

ಅತ್ತೆ ಮಾತು ಉಳಿಸಿಕೊಂಡರು. ನಿನ್ನ ಮಗಳ ಹೆಸರಿಡುವ ದಿನವೂ ಬರಲಿಲ್ಲ. ಮೈದುನ ಮಗುವನ್ನು ತೋರಿಸಲು ತಂದಾಗ ಅವರು ಅದರ ಪಾದ ಮುಟ್ಟಿ ಮುಟ್ಟಿ ನೋಡಿದ್ದನ್ನು ನಾನು ಕಂಡಿದ್ದೇನೆ. ಆಗಲೂ ಸುಮ್ಮನಿದ್ದೆ.

ಮೊನ್ನೆ ಇವರು ರೇಡಿಯೋ ತಂದರು. ಅಭ್ಯಾಸದ ಬಲ, ನಾನು ಅರಿವೆ ಹುಡುಕಿದೆ. ಬೇಕಾಗಲಿಲ್ಲ. ಈಗಿನ ಬೂದು ಬೆಕ್ಕು ರೇಡಿಯೋದ ಬಿಸಿಗೆ ತಾನೇ ಹತ್ತಿ ಅದರ ತಲೆಯ ಮೇಲೆ ಮಲಗಿತು. ಅತ್ತೆಯ ಮುಖ ಅರಳಿತು. “ಬೆಕ್ಕಿಗೆ ಸುಳ್ಳು ಬರೂದಿಲ್ಲ ನೋಡು. ಆ ಕಪಾಟಿಂದೂ ಆವಾಗ ಖರೇನ ಹೇಳಿತ್ತು,” ಅಂದರು.

ಚಹಾದ ಬಟ್ಟಲು ಕೆಳಗಿಟ್ಟು ನಾನು ಎಲ್ಲವನ್ನೂ ಹೇಳಿದೆ. ನಿನಗೆ ಬರೆದ ಹಾಗೆಯೇ, ಗೋಣಿಯಿಂದ ಹಿಡಿದು. ಇವರು ಎದ್ದು ಹೊರಗೆ ಹೋದರು. ಅತ್ತೆ ಬೆಕ್ಕಿನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ —

“ನಿನ್ನ ಟ್ರಂಕು?” ಎಂದು ಕೇಳಿದರು.

“ಅದನ್ನೂ ನಾನ ಒಗ್ಗಿಸಿದ್ದೆರಿ.”

“ಹಂಗಾರ ಅದೂ ಹೊರಗ ಹೋಗ್ಲಿ.”

ಅದರ ನಂತರ ಅವರು ನನ್ನ ಜೊತೆ ಮಾತಾಡಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ಮುಖ ನೋಡುವುದಿಲ್ಲ. ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ಬಬಲೇಶ್ವರಕ್ಕೆ ಕರೆದುಕೊಂಡು ಹೋಗಬೇಕೆಂದು ಇವರಿಗೆ ಹೇಳಿದ್ದಾರೆ. ನಿನ್ನ ಮನೆಗೆ, ಆ ಕಪಾಟು ಇರುವ ಮನೆಗೆ. ನನ್ನನ್ನು ಕರೆದಿಲ್ಲ, ನಾನು ಬರುವುದೂ ಇಲ್ಲ. ಅವರು ಬರುವ ಮೊದಲು ಇದು ನಿನ್ನ ಕೈ ಸೇರಲಿ, ಯಾಕೆ ಬಂದರು ಎಂದು ನೀನು ಅವರ ಬಾಯಿಂದ ಕೇಳಬೇಕಾಗದಿರಲಿ ಎಂದು ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಹಣೆಗೆ ಆ ಮಾತು ಹತ್ತುವುದಿಲ್ಲ. ಬಂಗಾರಿಗೆ ನಿನ್ನ ಮೇಲೆ ದ್ವೇಷವಿರಲಿಲ್ಲ. ಅದೊಂದು ನಿನಗೆ ತಿಳಿದಿರಲಿ.

ಟ್ರಂಕನ್ನು ನಾನೇ ಎಳೆದುಕೊಂಡು ಹೋಗಿ ತಗಡಿನ ಚಪ್ಪರದಲ್ಲಿ ಇಟ್ಟಿದ್ದೇನೆ, ನಿನ್ನ ಕಪಾಟಿನ ಕಾಲುಗಳು ನೆಲದಲ್ಲಿ ಕುಳಿ ಮಾಡಿದ ಜಾಗದಲ್ಲೇ. ಸೀರೆ ಬೇಕಾದರೆ ಅಂಗಳ ದಾಟಿ ಹೋಗುತ್ತೇನೆ. ಬೂದು ಬೆಕ್ಕು ಇನ್ನೂ ಅದರ ಹತ್ತಿರ ಹೋಗಿಲ್ಲ. ನಾನು ಕರೆದೂ ಇಲ್ಲ.