ಅತ್ತೆಯ ಅಡಕೊತ್ತು ಮತ್ತು ನನ್ನ ಒಂಬತ್ತು ಅಂಕದ ಕಾರ್ಡು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ಅಡಕೊತ್ತು ಹಿಡಿದು ನನ್ನ ಕ್ರಿಕೆಟ್ ಕಾರ್ಡಿನ ಡಬ್ಬಿ ಬಿಚ್ಚಲು ಕೂತಿದ್ದರು. ಪರಿಣತರು ಪರೀಕ್ಷಿಸಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕಳಿಸಿದ್ದ, ಸಂಗ್ರಹಕಾರರು ದುಡ್ಡು ಕೊಟ್ಟು ಕೊಳ್ಳುವ ಆಟಗಾರನ ಚಿತ್ರದ ಕಾರ್ಡು ಅದು. ಸೀಲ್ ಒಡೆದರೆ ಆ ಅಂಕಕ್ಕೆ ಬೆಲೆಯೇ ಇಲ್ಲ. ನಾನು ಅದನ್ನು ಮಾರಲು ಇಟ್ಟಿದ್ದ ಆನ್‌ಲೈನ್ ಹರಾಜು ಮುಗಿಯುವುದು ಇವತ್ತು ಸಂಜೆಯೇ.

ಓಡಿಹೋಗಿ ಕಿತ್ತುಕೊಂಡೆ. ಅತ್ತೆಗೆ ಸಿಟ್ಟು ಬಂತು. ಅವರು ಚನ್ನಗಿರಿಯ ಮಂಡಿಯಲ್ಲಿ ಮೂವತ್ತು ವರ್ಷ ಅಡಿಕೆ ಆರಿಸಿದವರು. "ಮುಚ್ಚಿದ ಮಾಲು ಯಾರು ತಗೋತಾರೆ? ಚೀಲದ ಬಾಯಾಗೆ ಚಲೋ ಅಡಿಕೆ ಇಟ್ಟು ತಳದಾಗೆ ಗೊರಬಲು ತುಂಬೋರನ್ನ ಎಷ್ಟು ಜನ ನೋಡಿಲ್ಲ ನಾನು" ಎಂದರು.

"ಬಿಚ್ಚಂಗಿಲ್ಲ ಅತ್ತೆ, ಹಂಗೇ ನೋಡ್ರಿ" ಎಂದು ಕೈಗೆ ಕೊಟ್ಟೆ.

ಕಿಟಕಿಯ ಬೆಳಕಿಗೆ ಹಿಡಿದು, ಅಡಿಕೆ ಹೊರಳಿಸುವ ಹಾಗೆ ಒಮ್ಮೆ ಹೊರಳಿಸಿದರು. "ಹಿಂದ್ಗಡೆ ಕೆಳಗಿನ ಮೂಲೆ ಸವೆದೈತೆ. ಅದಕ್ಕೇ ಒಂದು ನಂಬರ್ ಕಡಿಮೆ ಕೊಟ್ಟಾರೆ."

ಭೂತಗನ್ನಡಿ ಹಿಡಿದು ನೋಡಿದೆ. ಸಾಸಿವೆಯಷ್ಟೂ ಇಲ್ಲದ ಬಿಳಿ ಚುಕ್ಕೆ. ಆ ಒಂದು ಅಂಕ ಎಲ್ಲಿ ಹೋಯಿತೆಂದು ನಾನು ತಿಂಗಳಿಂದ ಹುಡುಕುತ್ತಿದ್ದೆ. ಕೂಡಲೇ ಹರಾಜಿನ ಪುಟದಲ್ಲಿ ಚುಕ್ಕೆಯ ಫೋಟೊ ಹಾಕಿ, ಕಂಡುಹಿಡಿದವರು ನಮ್ಮತ್ತೆ ಎಂದೂ ಬರೆದೆ. ದೋಷ ಮುಚ್ಚಿಡದ್ದಕ್ಕೋ ಏನೋ, ಬೆಲೆ ಕೂಗುವವರು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ.

ಹೆಮ್ಮೆ ತಡೆಯಲಾರದೆ, "ಅತ್ತೆ, ನಿಮಗೆ ಹತ್ತಕ್ಕೆ ಹತ್ತು" ಎಂದೆ.

"ಮೂಲೆ ನೋಡಾಕೆ ಬರದೋಳು ನಂಗೆ ನಂಬರ್ ಕೊಡಾಕೆ ಬಂದ್ಲು" ಎಂದು ಅಡಕೊತ್ತು ಎತ್ತಿಕೊಂಡು ಒಳಗೆ ಹೋದರು.